ಬರಪೊಳೆಗೆ ಹೊರಟದ್ದು ಮೂರು ಸಲ, ಇಳಿದದ್ದು ಒಂದು ಸಲ



"ರಾಫ್ಟಿಂಗ್‌ಗೆ ಹೋಗಿದ್ದೀರಂತೆ, ಹೇಗಿತ್ತು?" ಎಂದು ಭಾನುವಾರದ ಬಲಿಪೂಜೆ ಮುಗಿದ ಮೇಲೆ ಚರ್ಚ್ ಅಂಗಳದಲ್ಲಿ ಕೇಳದವರಿಲ್ಲ. ಗ್ರೂಪಿನಲ್ಲಿ ಹಾಕಿದ ಫೋಟೋಗಳನ್ನು ಎಲ್ಲರೂ ನೋಡಿದ್ದಾರೆ. ಹಳದಿ ಹೆಲ್ಮೆಟ್, ಬಿಳಿ ನೊರೆ, ನಗುವ ಮುಖಗಳು. ನೋಡಿದವರಿಗೆ ಅದು ಒಂದೆರಡು ಗಂಟೆಯ ನೀರಾಟ. ಆದರೆ ಆ ಒಂದೆರಡು ಗಂಟೆಗಾಗಿ ನಾವು ಏಪ್ರಿಲಿನಿಂದ ಆಗಸ್ಟಿನವರೆಗೆ ಓಡಾಡಿದ್ದೇವೆ. ಆ ಓಡಾಟದ ಕತೆ ಫೋಟೋದಲ್ಲಿ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಯುವ ಘಟಕದ ವಾರ್ಷಿಕ ಪ್ರವಾಸವೆಂದರೆ ಇಷ್ಟು ವರ್ಷ ಬೇಕಲ ಕೋಟೆ, ಇಲ್ಲವೇ ಯಾವುದಾದರೂ ಬೀಚು. ಈ ವರ್ಷದ ಏಪ್ರಿಲ್ ಸಭೆಯಲ್ಲಿ ಒಬ್ಬಳು ಎದ್ದು, "ಕೊಡಗಿನ ಬರಪೊಳೆಗೆ ಹೋಗುವ" ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾವು ಪದಾಧಿಕಾರಿಗಳು ಮಾತ್ರ ಸುಮ್ಮನಾದೆವು. ಹೊಳೆಯ ಹೆಸರಿಗಿಂತ, ಅದನ್ನು ಹೇಳಿದವಳು ಯಾರು ಎಂಬುದೇ ಅದಕ್ಕೆ ಕಾರಣ.

ನಮ್ಮ ಚರ್ಚಿನ ಹಿರಿಯರಿಗೆಲ್ಲ ಗೊತ್ತಿರುವ ಸಂಗತಿ. ಹನ್ನೆರಡು ವರ್ಷಗಳ ಹಿಂದೆ, ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿದ ಮರುದಿನ, ಗೆಳೆಯರ ಜೊತೆ ಪಯಸ್ವಿನಿ ಹೊಳೆಗೆ ಹೋದ ನಮ್ಮದೇ ವಾರ್ಡಿನ ಹುಡುಗನೊಬ್ಬ ಮನೆಗೆ ಮರಳಲಿಲ್ಲ. ಆಗ ನೆರೆಯಿರಲಿಲ್ಲ. ಕಡು ಬೇಸಿಗೆ, ನೀರು ಹರಿಯುವುದೇ ಕಾಣದಂತಹ ಕಯ. ಆ ನಂತರ ನಮ್ಮಲ್ಲಿ ನೀರಿನ ಪ್ರವಾಸದ ಮಾತನ್ನು ಯಾರೂ ಎತ್ತಿರಲಿಲ್ಲ. ಸಭೆಯಲ್ಲಿ ಬರಪೊಳೆಯ ಹೆಸರು ಹೇಳಿದವಳು ಆ ಹುಡುಗನ ತಂಗಿ. ಆಗ ಅವಳಿಗೆ ಏಳು ವರ್ಷ, ಈಗ ಹತ್ತೊಂಬತ್ತು.

ಫಾದರ್ ಬೇಡ ಎನ್ನಲಿಲ್ಲ. ಎರಡು ಷರತ್ತು ಹಾಕಿದರು. ಪ್ರತಿಯೊಬ್ಬರ ಮನೆಯವರ ಸಹಿ ಬೇಕು. ಮತ್ತು ಆ ತಾಯಿಗೆ ವಿಷಯ ಬೇರೆಯವರ ಬಾಯಿಂದ ತಿಳಿಯಬಾರದು, ನಾವೇ ಅವರ ಮನೆಗೆ ಹೋಗಿ ಹೇಳಬೇಕು.

ಮನೆ ಭೇಟಿಗೆ ಮೊದಲು ಫಾರ್ಮ್ ಸಿದ್ಧ ಮಾಡಿದೆವು. ಹೆಸರು, ವಯಸ್ಸು, ರಕ್ತದ ಗುಂಪು, ಮನೆಯ ಫೋನ್ ನಂಬರ್, "ಈಜು ಬರುತ್ತದೆಯೇ? ಹೌದು / ಇಲ್ಲ". ಮೂವತ್ತನಾಲ್ಕು ಹೆಸರು ಬಂತು, ಅದರಲ್ಲಿ ಇಪ್ಪತ್ತೊಂದು "ಹೌದು". ನಮಗೆ ಧೈರ್ಯ ಬಂತು. ಫಾರ್ಮುಗಳ ಕಟ್ಟನ್ನು ಹಿಡಿದುಕೊಂಡೇ ಆಂಟಿಯ ಮನೆಗೆ ಹೋದೆವು.

ಆಂಟಿ ಚಾ ಕೊಟ್ಟರು. ನಾವು ತಡವರಿಸುತ್ತಾ ವಿಷಯ ಹೇಳಿದೆವು. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಬೇಡ ಅಂತ ಹೇಳಿದ್ರೆ ಇವಳು ನಾಳೆ ನನಗೆ ಹೇಳದೆ ಹೋಗ್ತಾಳೆ. ಅವನು ಹೋದದ್ದೂ ಹಾಗೆಯೇ" ಎಂದರು. ಮತ್ತೆ ಆ ಫಾರ್ಮುಗಳನ್ನು ಕೈಗೆ ತೆಗೆದುಕೊಂಡು ಒಂದೊಂದಾಗಿ ನೋಡಿ ಕೇಳಿದರು: "ಈಜು ಬರ್ತದೆ ಅಂತ ಇಷ್ಟು ಜನ ಬರ್ದಿದ್ದಾರಲ್ಲ ಮಕ್ಕಳೇ, ಇವರು ಈಜುವುದನ್ನು ನೀವು ನೋಡಿದ್ದೀರಾ? ನಮ್ಮವನಿಗೂ ಬರ್ತದೆ ಅಂತಲೇ ನಾವೆಲ್ಲ ತಿಳ್ಕೊಂಡದ್ದು. ಅವನೇ ಹೇಳಿದ್ದು."

ನಮ್ಮಲ್ಲಿ ಉತ್ತರ ಇರಲಿಲ್ಲ. ಮಗಳ ಫಾರ್ಮಿಗೆ ಅವರು ಅಂದು ಸಹಿ ಹಾಕಲಿಲ್ಲ. "ನೋಡಿ ಬನ್ನಿ, ಆಮೇಲೆ ಹಾಕ್ತೇನೆ" ಎಂದು ಕಳುಹಿಸಿದರು.

ಮೇ ತಿಂಗಳ ಮೊದಲ ಶನಿವಾರ ನಮ್ಮ ಸದಸ್ಯರೊಬ್ಬರ ಅಡಿಕೆ ತೋಟದ ಕೆರೆಯಲ್ಲಿ ಪರೀಕ್ಷೆ ಇಟ್ಟೆವು. ಚೆನ್ನಾಗಿ ಈಜಬಲ್ಲ ಇಬ್ಬರು ನೀರಿನಲ್ಲೇ ನಿಂತರು, ದಂಡೆಯಲ್ಲಿ ಹಗ್ಗ ಮತ್ತು ಟ್ಯೂಬ್. ಉಟ್ಟ ಬಟ್ಟೆಯಲ್ಲೇ ಕೆರೆಯ ಆಚೆ ದಡಕ್ಕೆ ಹೋಗಿ ಬರಬೇಕು, ಮತ್ತೆ ಎರಡು ನಿಮಿಷ ಅಂಗಾತ ತೇಲಬೇಕು. ಇಷ್ಟೇ. "ಹೌದು" ಎಂದು ಬರೆದ ಇಪ್ಪತ್ತೊಂದು ಮಂದಿಯಲ್ಲಿ ಎಂಟು ಮಂದಿ ಮಾತ್ರ ಪಾಸಾದರು. ಉಳಿದವರು ಸುಳ್ಳುಗಾರರಲ್ಲ. ಸೊಂಟದುದ್ದ ನೀರಿನಲ್ಲಿ ಕೈಕಾಲು ಬಡಿದದ್ದನ್ನೇ ಈಜು ಎಂದು ನಂಬಿದ್ದರು. ಆ ಸಂಜೆ ಒಬ್ಬ ಹುಡುಗ ನಮ್ಮನ್ನು ಬದಿಗೆ ಕರೆದು, ತನಗೆ ಫಿಟ್ಸ್ ಬರುವುದುಂಟೆಂದೂ ಫಾರ್ಮಿನಲ್ಲಿ ಬರೆಯಲು ನಾಚಿಕೆಯಾಯಿತೆಂದೂ ಹೇಳಿದ. ಆಂಟಿ ಕೇಳದಿದ್ದರೆ ಇದ್ಯಾವುದೂ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಅಂದಿನಿಂದ ಪ್ರತಿ ಶನಿವಾರ ಅದೇ ಕೆರೆಯಲ್ಲಿ ಈಜಿನ ಪಾಠ ಶುರುವಾಯಿತು.

ಇನ್ನು ಹೊಳೆಯ ವಿಷಯ. ಬರಪೊಳೆ ನಮಗೆ ತೀರಾ ಪರಕೀಯವೇನಲ್ಲ. ನಮ್ಮ ಪಯಸ್ವಿನಿ ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸುಳ್ಯದ ಮೂಲಕ ಬಂದು, ಚಂದ್ರಗಿರಿಯಾಗಿ ಕಾಸರಗೋಡಿನ ಬಳಿ ಕಡಲು ಸೇರುತ್ತದೆ. ಹಾಗೆಯೇ ಬರಪೊಳೆ ಕೊಡಗಿನ ಬ್ರಹ್ಮಗಿರಿ ಸಾಲಿನಿಂದ ಪಶ್ಚಿಮಕ್ಕಿಳಿದು, ಗಡಿ ದಾಟಿ ಕಣ್ಣೂರು ಜಿಲ್ಲೆಗೆ ಬಂದು, ಇರಿಟ್ಟಿಯ ಹತ್ತಿರ ವಳಪಟ್ಟಣಂ ಹೊಳೆಯ ನೀರಿಗೆ ಕೂಡಿಕೊಳ್ಳುತ್ತದೆ. ಅದೇ ಬ್ರಹ್ಮಗಿರಿಯಲ್ಲಿ ಹುಟ್ಟುವ ಲಕ್ಷ್ಮಣತೀರ್ಥ ಪೂರ್ವಕ್ಕೆ ಹರಿದು ಕಾವೇರಿ ಸೇರುತ್ತದೆ. ನಮ್ಮ ಬಾಯಲ್ಲಿ ಹೊಳೆ, ಕೊಡವರ ಬಾಯಲ್ಲಿ ಪೊಳೆ, ಮಲಯಾಳದಲ್ಲಿ ಪುಳ. ಮೂರೂ ಒಂದೇ ಮಾತು. ಗಡಿಯಲ್ಲಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಈ ಹೊಳೆಯ ಗುಣ ಬೇರೆ. ಹರಿವಿನ ದೂರ ಕಡಿಮೆ, ಇಳಿಜಾರು ಹೆಚ್ಚು, ತಳವೆಲ್ಲ ಬಂಡೆ. ಬೇಸಿಗೆಯಲ್ಲಿ ಬಂಡೆಗಳ ನಡುವೆ ಅಲ್ಲಲ್ಲಿ ಗುಂಡಿಯ ನೀರು. ಮಳೆ ಹಿಡಿದರೆ ಅದೇ ಬಂಡೆಗಳ ಮೇಲೆ ನೊರೆ. ಹಾಗಾಗಿ ಇಲ್ಲಿ ರಾಫ್ಟಿಂಗ್ ನಡೆಯುವುದು ಜೂನ್ ಮಧ್ಯದಿಂದ ಸೆಪ್ಟೆಂಬರ್ ತನಕ ಮಾತ್ರ. ಕೆಳಗೆ ಕಣ್ಣೂರಿನ ಕಡೆ ಇದೇ ನೀರಿನಿಂದ ವಿದ್ಯುತ್ ತೆಗೆಯುವ 15 ಮೆಗಾವ್ಯಾಟ್‌ನ ಬಾರಾಪೋಳ್ ಯೋಜನೆ ಇದೆ. ದೊಡ್ಡ ಅಣೆಕಟ್ಟಿನಲ್ಲಿ ನೀರು ಕೂಡಿಡದೆ, ಹರಿಯುವ ನೀರನ್ನೇ ಕಾಲುವೆಗೆ ತಿರುಗಿಸುವ ಏರ್ಪಾಡು. ಅದರ ಮುಖ್ಯ ದುಡಿಮೆಯೂ ಮಳೆಗಾಲದಲ್ಲೇ. ಸರಕಾರದ ಯಂತ್ರವೇ ಮಳೆಗೆ ಕಾಯುವಾಗ ನಮ್ಮ ಬಸ್ಸು ಕಾಯದೆ ಇರುತ್ತದೆಯೇ?

ಮಳೆಯ ಲೆಕ್ಕ ನಮಗೆ ಬಿಎಸ್ಸಿಯಲ್ಲಿ ಯಾರೂ ಹೀಗೆ ಕಲಿಸಿರಲಿಲ್ಲ. ಒಂದು ಚದರ ಕಿಲೋಮೀಟರ್ ಗುಡ್ಡದ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಅದು 10 ಕೋಟಿ ಲೀಟರ್ ನೀರು. ಅಂತಹ ಎಷ್ಟೋ ಚದರ ಕಿಲೋಮೀಟರ್‌ಗಳ ನೀರು ಒಂದೇ ಕಣಿವೆಗೆ ಇಳಿಯುತ್ತದೆ. ಒಂದಷ್ಟನ್ನು ಮಣ್ಣು ಕುಡಿಯುತ್ತದೆ. ಮಣ್ಣಿನ ಹೊಟ್ಟೆ ತುಂಬಿದ ಮೇಲೆ ಬಿದ್ದದ್ದೆಲ್ಲ ನೇರ ಹೊಳೆಗೆ. ಅದಕ್ಕೇ ಜೂನ್ ಮೊದಲ ವಾರದ ಜಡಿಮಳೆಗೂ ಏರದ ಹೊಳೆ ಆಗಸ್ಟಿನಲ್ಲಿ ಅದರ ಅರ್ಧ ಮಳೆಗೆ ಏರಿಬಿಡುತ್ತದೆ. ನೀರಿನ ವೇಗ ಎರಡು ಪಟ್ಟಾದರೆ ಅದು ನಮ್ಮ ಕಾಲಿಗೆ ಕೊಡುವ ಹೊಡೆತ ನಾಲ್ಕು ಪಟ್ಟಾಗುತ್ತದೆ. ಮೊಣಕಾಲುದ್ದದ ನೀರು ಎಂದು ಸದರ ಮಾಡುವಂತಿಲ್ಲ.

ಮೊದಲ ದಿನಾಂಕ ಜೂನ್ ಕೊನೆಯ ಶನಿವಾರ. ಮಳೆ ಕೈಕೊಟ್ಟಿತು. ಹಿಂದಿನ ದಿನ ಅತ್ತಲಿಂದ ಫೋನ್: "ನೀರು ಸಾಲದು. ರಾಫ್ಟ್ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ, ಬರಬೇಡಿ." ಕಟ್ಟಿಟ್ಟ ಬುತ್ತಿಯನ್ನು ಚರ್ಚ್ ಹಾಲಿನಲ್ಲೇ ಕೂತು ತಿಂದೆವು. ಅಂದು ಎಲ್ಲರೂ ನಗುತ್ತಿದ್ದರು.

ಎರಡನೇ ದಿನಾಂಕ ಜುಲೈ ಮೂರನೇ ಶನಿವಾರ. ಈ ಸಲ ಮಳೆ ಬಿಡಲೇ ಇಲ್ಲ. ಗುರುವಾರ ಸಂಜೆ ಆರೆಂಜ್ ಅಲರ್ಟ್ ಬಂತು. ಆರೆಂಜ್ ಎಂದರೆ 24 ಗಂಟೆಗಳಲ್ಲಿ 115.6ರಿಂದ 204.4 ಮಿಲಿಮೀಟರ್ ಮಳೆ ಬೀಳುವ ಸಾಧ್ಯತೆ. ಆ ರಾತ್ರಿ ಪದಾಧಿಕಾರಿಗಳು ಸಭೆ ಸೇರಿದೆವು. ನಮ್ಮ ದಾರಿ ಚೆರ್ಕಳ, ಜಾಲ್ಸೂರು, ಸುಳ್ಯ, ಸಂಪಾಜೆಯ ಮೂಲಕ ಮಡಿಕೇರಿ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದ ಜೋಡುಪಾಲ ಅದೇ ದಾರಿಯಲ್ಲಿದೆ. ಹೊಳೆಗಿಂತ ಮೊದಲು ರಸ್ತೆಯೇ ಪ್ರಶ್ನೆಯಾಯಿತು. ರದ್ದು ಮಾಡಿದೆವು.

ಶುಕ್ರವಾರ ಸಂಜೆಯಿಂದ ಶನಿವಾರವಿಡೀ ನಮ್ಮೂರಿನಲ್ಲಿ ಬಿಸಿಲು! ಗ್ರೂಪಿನಲ್ಲಿ ಬಂದ ಮೆಸೇಜುಗಳನ್ನು ಇಲ್ಲಿ ಬರೆಯುವುದಿಲ್ಲ. "ಹೆದರುಪುಕ್ಕಲರ ಸಮಿತಿ" ಎಂಬುದು ಅವುಗಳಲ್ಲೇ ಮೃದುವಾದದ್ದು. ಬಸ್ಸಿಗೆ ಕೊಟ್ಟ ಮುಂಗಡ ನಾಲ್ಕು ಸಾವಿರ ಹೋಯಿತು. ಕ್ರಿಸ್ಮಸ್ ಕ್ಯಾರಲ್‌ನಲ್ಲಿ ಮನೆ ಮನೆ ಸುತ್ತಿ ಕೂಡಿಸಿದ ಹಣ ಅದು. ಐದು ಮಂದಿ ಹೆಸರು ತೆಗೆದರು. ನಿಜ ಹೇಳುವುದಾದರೆ, ಆ ಬಿಸಿಲನ್ನು ನೋಡುತ್ತಾ ನಮಗೂ ನಮ್ಮ ಮೇಲೆ ಸಿಟ್ಟು ಬಂದಿತ್ತು. ಭಾನುವಾರ ಆಂಟಿ ಚರ್ಚ್ ಮೆಟ್ಟಿಲ ಬಳಿ ಸಿಕ್ಕಿದರು. ಅವರು ಸಮಾಧಾನದ ಮಾತೇನೂ ಹೇಳಲಿಲ್ಲ. ಬ್ಯಾಗಿನಿಂದ ಮಗಳ ಫಾರ್ಮ್ ತೆಗೆದು ಕೊಟ್ಟರು. ಸಹಿ ಇತ್ತು.

ಮೂರನೇ ದಿನಾಂಕ ಆಗಸ್ಟ್ ಕೊನೆಯಲ್ಲಿ, ಮಾತೆ ಮರಿಯಮ್ಮನವರ ಜನನದ ಹಬ್ಬದ ನೊವೆನಾ ಶುರುವಾಗುವ ಮೊದಲಿನ ಶನಿವಾರ. ಇಪ್ಪತ್ತಮೂರು ಮಂದಿ ಉಳಿದಿದ್ದೆವು. ಅಷ್ಟರಲ್ಲಿ ಕೆರೆಯ ಪರೀಕ್ಷೆಯಲ್ಲಿ ಪಾಸಾದವರು ಹದಿಮೂರಾಗಿದ್ದರು. ತಂಗಿ ಅವರಲ್ಲಿ ಒಬ್ಬಳು. ಮುಂಜಾನೆ ಮೂರೂವರೆಗೆ ಚರ್ಚ್ ಅಂಗಳದಲ್ಲಿ ಒಂದು ಸಣ್ಣ ಪ್ರಾರ್ಥನೆ, ಆಮೇಲೆ ಬಸ್ಸು. ಮಡಿಕೇರಿಯಲ್ಲಿ ಮಂಜು. ವಿರಾಜಪೇಟೆ, ಗೋಣಿಕೊಪ್ಪ ದಾಟಿ ಟಿ. ಶೆಟ್ಟಿಗೇರಿಯ ಕಡೆ ತಲುಪುವಾಗ ಒಂಬತ್ತು ಗಂಟೆ. ಅಲ್ಲಿಂದ ಕಾಫಿ ತೋಟದ ಕೆಸರು ದಾರಿಯಲ್ಲಿ ಜೀಪು. ಹೊಳೆ ಕಾಣುವ ಮೊದಲೇ ಅದರ ಸದ್ದು ಕೇಳಿತು. ಬಸ್ಸಿನಲ್ಲಿ ಹಾಡುತ್ತಾ ಬಂದವರೆಲ್ಲ ಆ ಸದ್ದಿಗೆ ಸುಮ್ಮನಾದರು.

ಗೈಡ್ ಮಧ್ಯ ವಯಸ್ಸಿನ ಕೊಡಗಿನವರು. ನಮ್ಮ ಜೊತೆ ಮಾತಾಡುವ ಮೊದಲು ದಡಕ್ಕೆ ಹೋಗಿ ಒಂದು ಬಂಡೆಯನ್ನು ನೋಡಿ ಬಂದರು. ದಿನಾ ನೋಡುವ ಬಂಡೆಯಂತೆ. ಅದು ಎಷ್ಟು ಮುಳುಗಿದೆ ಎಂಬುದೇ ಅವರ ಅಳತೆಪಟ್ಟಿ. "ರಾತ್ರಿ ಮೇಲೆ ಮಳೆಯಾಗಿದೆ. ನೀರು ಇದೆ, ಆದರೆ ಜಾಸ್ತಿಯೇ ಇದೆ" ಎಂದರು. ಲೈಫ್ ಜಾಕೆಟ್ ಇರುವುದರಿಂದ ಬೇರೆ ದಿನಗಳಲ್ಲಿ ಈಜು ಬಾರದವರನ್ನೂ ಕರೆದುಕೊಂಡು ಹೋಗುತ್ತಾರಂತೆ. ಅಂದು ಬೇಡವೆಂದರು. "ಈಜು ಬರುವವರು ಮಾತ್ರ. ನಿಮ್ಮಲ್ಲಿ ಎಷ್ಟು ಜನ?"

ಎಲ್ಲರಿಗಿಂತ ಮೊದಲು ಕೈ ಎತ್ತಿದವನು ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಮೂರು ಸಲವೂ ಹಣ ಕೊಟ್ಟವನು, ಬಸ್ಸಿಗೆ ಓಡಾಡಿದವನು, ಆದರೆ ಕೆರೆಯಲ್ಲಿ ಎರಡು ಸಲ ಸೋತವನು. ಗೈಡ್ ನಮ್ಮನ್ನು ನೋಡಿದರು. ಅವನೂ ನಮ್ಮನ್ನು ನೋಡಿದ. ಪಟ್ಟಿ ನಮ್ಮ ಕಿಸೆಯಲ್ಲಿತ್ತು. ತೆಗೆಯದೆ ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಐದು ತಿಂಗಳ ತಯಾರಿ ಅಂದರೆ ಕೊನೆಗೆ ಆ ಒಂದು ಕ್ಷಣವೇ. "ಅವನಿಗೆ ಬರುವುದಿಲ್ಲ" ಎಂದೆವು. ಅವನು ದಡದ ಮರದ ಕೆಳಗೆ ಹೋಗಿ ಕುಳಿತ. ಹಿಂದಿರುಗುವಾಗ ದಾರಿಯುದ್ದಕ್ಕೂ ನಮ್ಮ ಹತ್ತಿರ ಮಾತಾಡಲಿಲ್ಲ. ಅವನ ಜೊತೆ ಇನ್ನೂ ಒಂಬತ್ತು ಮಂದಿ ದಡದಲ್ಲಿ ಉಳಿದರು, ಅವರಲ್ಲಿ ನಮ್ಮ ಘಟಕದ ಅಧ್ಯಕ್ಷರೂ ಒಬ್ಬರು.

ಹದಿಮೂರು ಮಂದಿ ಎರಡು ರಾಫ್ಟುಗಳಲ್ಲಿ ಇಳಿದೆವು, ಒಂದೊಂದಕ್ಕೂ ಒಬ್ಬ ಗೈಡ್. ಮೊದಲು ನಿಧಾನ ನೀರಿನಲ್ಲಿ ಅರ್ಧ ಗಂಟೆ ಅಭ್ಯಾಸ. ಫಾರ್ವರ್ಡ್ ಎಂದರೆ ಎಲ್ಲರೂ ಒಟ್ಟಿಗೆ ಹುಟ್ಟು ಹಾಕಬೇಕು. ಗೆಟ್ ಡೌನ್ ಎಂದರೆ ರಾಫ್ಟಿನೊಳಗೆ ಕುಸಿದು ಕುಳಿತು ಹಗ್ಗ ಹಿಡಿಯಬೇಕು. ನೀರಿಗೆ ಬಿದ್ದರೆ ಅಂಗಾತ ಮಲಗಿ, ಕಾಲು ನೀರು ಹರಿಯುವ ಕಡೆಗೆ, ಬೆರಳು ನೀರಿನ ಮೇಲೆ ಕಾಣುವಂತೆ. ಎಂದಿಗೂ ನಿಲ್ಲಲು ಹೋಗಬಾರದು. ಪಾದ ಕಲ್ಲುಗಳ ಸಂದಿಗೆ ಸಿಕ್ಕಿದರೆ ಹಿಂದಿನಿಂದ ಬರುವ ನೀರು ದೇಹವನ್ನು ಮುಂದಕ್ಕೆ ಮಡಚಿ ಒತ್ತಿ ಹಿಡಿಯುತ್ತದೆ. ಆಗ ಲೈಫ್ ಜಾಕೆಟ್ ಕೂಡ ಉಪಯೋಗಕ್ಕೆ ಬಾರದು.

ಈ ಹೊಳೆಯ ರಾಪಿಡ್‌ಗಳಿಗೆ ಹೆಸರುಗಳಿವೆ, ಮಾರ್ನಿಂಗ್ ಕಾಫಿ, ವಿಕೆಡ್ ವಿಚ್ ಎಂದೆಲ್ಲ. ಹೆಸರು ಕೇಳಿ ನಕ್ಕವರು ನೀರು ನೋಡಿ ನಗು ನಿಲ್ಲಿಸಿದೆವು. ಕಲ್ಲುಗಳ ನಡುವೆ ನೀರು ಇದ್ದಕ್ಕಿದ್ದಂತೆ ಕೆಳಗಿಳಿದು, ತನ್ನ ಮೇಲೆ ತಾನೇ ಮಗುಚಿಕೊಳ್ಳುತ್ತದೆ. ಮೊದಲ ರಾಪಿಡ್‌ನಲ್ಲಿ ಎಲ್ಲರೂ ಒದ್ದೆಯಾದೆವು. ಮೂರನೆಯದರಲ್ಲಿ ನಮ್ಮ ಕಾರ್ಯದರ್ಶಿ ಹೊರಗೆ ಬಿದ್ದರು.

ಕೆರೆಯ ದಂಡೆಯಲ್ಲಿ ಮೂರು ತಿಂಗಳು ಎಲ್ಲರಿಗೂ "ನಿಲ್ಲಬೇಡಿ, ಕಾಲು ಮೇಲೆ" ಎಂದು ಪಾಠ ಮಾಡಿದವರು ಇದೇ ಕಾರ್ಯದರ್ಶಿ. ನೀರಿಗೆ ಬಿದ್ದ ಕೂಡಲೇ ಅವರು ಮಾಡಿದ ಮೊದಲ ಕೆಲಸ ನಿಲ್ಲಲು ನೋಡಿದ್ದು! ಗೈಡ್ ಕೂಗಿದ್ದು ನೀರಿನ ಸದ್ದಿನಲ್ಲಿ ಅವರಿಗೆ ಕೇಳಿಸಿತೋ ಇಲ್ಲವೋ. ಆದರೆ ರಾಫ್ಟಿನ ಅಂಚಿನಲ್ಲಿದ್ದ ತಂಗಿ "ಕಾಲು! ಕಾಲು!" ಎಂದು ಕಿರುಚಿದ್ದು ಕೇಳಿಸಿತಂತೆ. ಅವರು ಮಲಗಿದರು. ತಿಳಿನೀರಿಗೆ ಬಂದಾಗ ಗೈಡ್ ಹಗ್ಗ ಎಸೆದು ಹತ್ತಿರಕ್ಕೆ ಎಳೆದರು. ಕಲಿಸಿದಂತೆಯೇ ಲೈಫ್ ಜಾಕೆಟ್ಟಿನ ಹೆಗಲ ಪಟ್ಟಿ ಹಿಡಿದು ಒಳಗೆ ಎಳೆದುಕೊಂಡವಳು ಅವಳು. ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಲ್ಲ. ಮೊಣಕಾಲ ಕೆಳಗೆ ಚರ್ಮ ತರಚಿತ್ತು, ಅಷ್ಟೇ. ಆದರೆ ಆಮೇಲೆ ರಾಫ್ಟಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ತಂಗಿಯ ಕೈ ನಡುಗುತ್ತಿತ್ತು. ಅವಳ ಮನಸ್ಸಿನಲ್ಲಿ ಏನಿತ್ತೆಂದು ನಾವು ಕೇಳಲಿಲ್ಲ.

ದಡಕ್ಕೆ ಬಂದ ಮೇಲೆ ಎಲ್ಲರೂ ಊಟಕ್ಕೆ ಓಡಿದರೆ, ಅವಳು ನೆಟ್‌ವರ್ಕ್ ಹುಡುಕುತ್ತಾ ಜೀಪಿನ ದಾರಿಯಲ್ಲಿ ಮೇಲಕ್ಕೆ ಹೋದಳು. ಒಂದು ತಿರುವಿನಲ್ಲಿ ಸಿಕ್ಕಿತು. "ಮಮ್ಮಿ, ಮೇಲೆ ಬಂದೆ" ಎಂದಷ್ಟೇ ಹೇಳಿದ್ದು ನಮಗೆ ಕೇಳಿಸಿತು. ಅತ್ತ ಕಡೆಯಿಂದ ತುಂಬಾ ಹೊತ್ತು ಮಾತಿಲ್ಲ. ಅವಳು ಫೋನನ್ನು ಕಿವಿಗೆ ಹಿಡಿದುಕೊಂಡೇ ನಿಂತಿದ್ದಳು.

ಬೇರೆ ಚರ್ಚುಗಳ ಯುವಮಿತ್ರರು ಇಂತಹ ಪ್ರವಾಸ ಯೋಚಿಸುತ್ತಿದ್ದರೆ, ನಾವು ಕಲಿತದ್ದನ್ನು ಚಿಕ್ಕದಾಗಿ ಹೇಳುತ್ತೇವೆ:

1. "ಈಜು ಬರುತ್ತದೆ" ಎಂಬ ಮಾತನ್ನು ಕಾಗದದಲ್ಲಿ ನಂಬಬೇಡಿ. ನೀರಿನಲ್ಲಿ ನೋಡಿ.

2. ಕಾಯಿಲೆಯ ವಿಷಯವನ್ನು ಎಲ್ಲರೆದುರು ಕೇಳಬೇಡಿ. ಒಬ್ಬೊಬ್ಬರನ್ನೇ ಕರೆದು ಕೇಳಿ.

3. ಮಳೆಹೊಳೆಗೆ ಹೋಗುವುದಾದರೆ ಒಂದು ದಿನಾಂಕ ಇಡಬೇಡಿ, ಮೂರು ಇಡಿ. ಬಸ್ಸಿನವರ ಹತ್ತಿರ ಮೊದಲೇ ಅದನ್ನು ಮಾತಾಡಿ ಮುಂಗಡ ಕೊಡಿ.

4. ನಿಮ್ಮೂರಿನ ಆಕಾಶ ನೋಡಿ ತೀರ್ಮಾನಿಸಬೇಡಿ. ಹೊಳೆ ಹುಟ್ಟುವ ಬೆಟ್ಟದ ಮಳೆ ಕೇಳಿ. ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಕಸಕಡ್ಡಿ ತೇಲಿ ಬಂದರೆ, ಸದ್ದು ಬದಲಾದರೆ ತಡ ಮಾಡದೆ ಮೇಲೆ ಹತ್ತಿ.

5. ಹೊಳೆ ಗೊತ್ತಿರುವ ಗೈಡ್ ಬೇಡ ಎಂದರೆ ಚರ್ಚೆ ಬೇಡ. ಅವರು ಹೂಂ ಎಂದರೂ ನಿಮ್ಮ ಪಟ್ಟಿ ಬೇಡ ಎಂದರೆ, ಬೇಡ.

ದಡದಲ್ಲಿ ಉಳಿದ ಆ ಹುಡುಗನ ವಿಷಯ ಹೇಳಿ ಮುಗಿಸುತ್ತೇವೆ. ಎರಡು ವಾರ ಅವನು ಸಭೆಗೆ ಬರಲಿಲ್ಲ. ಹಬ್ಬ ಕಳೆದು ಮೂರನೇ ಶನಿವಾರ ತೋಟದ ಕೆರೆಗೆ ತಾನೇ ಬಂದ, ಟವೆಲ್ ಹಿಡಿದುಕೊಂಡು. ನಾವು ಏನೂ ಕೇಳಲಿಲ್ಲ. ಅವನೂ ಏನೂ ಹೇಳದೆ ನೀರಿಗಿಳಿದ.

ಆ ದಿನ ಕೆರೆಗೆ ಇನ್ನೊಬ್ಬರೂ ಬಂದಿದ್ದರು. ಹನ್ನೆರಡು ವರ್ಷ ಹೊಳೆಯ ಕಡೆ, ಕೆರೆಯ ಕಡೆ ತಲೆ ಹಾಕದ ಆಂಟಿ, ಒಂದು ಡಬ್ಬದಲ್ಲಿ ಬನ್ಸ್ ಹಿಡಿದುಕೊಂಡು. ದಂಡೆಯ ಕಲ್ಲಿನ ಮೇಲೆ ಕುಳಿತು ಮಕ್ಕಳನ್ನೇ ನೋಡುತ್ತಿದ್ದರು. ಈಗ ಪ್ರತಿ ಶನಿವಾರ ಬರುತ್ತಾರೆ. ಮಾತು ಕಡಿಮೆ. ನೀರಿಗೆ ಎಷ್ಟು ಜನ ಇಳಿದರು ಎಂದು ಎಣಿಸುತ್ತಾರೆ. ಸಂಜೆ ಎಲ್ಲರೂ ಮೇಲೆ ಹತ್ತಿದ ಮೇಲೆ ಮತ್ತೊಮ್ಮೆ ಎಣಿಸುತ್ತಾರೆ. ಎರಡೂ ಲೆಕ್ಕ ಸರಿಯಾದ ಮೇಲೆಯೇ ಬನ್ಸಿನ ಡಬ್ಬದ ಮುಚ್ಚಳ ತೆಗೆಯುವುದು.